ನೀತಿ ಪಾಠದ ಹುಲಿ ಕುರಿ

ನನ್ನ ಮೊದಲ ನೌಕರಿ ಹರಿಹರದ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಮನೆ ದಾವಣಗೆರೆಯ ನಿಟ್ಟುವಳ್ಳಿಯಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹಿಡಿದು ಹೋಗುವುದು, ಸಂಜೆಯ ರೈಲಿಗೆ ವಾಪಸ್ಸು ಬರುವುದು. ನಾನು ಗಣಿತದ ಟೀಚರು. ಬಿ.ಎಡ್. ಆಗಷ್ಟೇ ಮುಗಿದಿದ್ದರಿಂದ ಮಕ್ಕಳಿಗೆ ಯೋಚನೆ ಮಾಡುವುದನ್ನು ಕಲಿಸಬಹುದು ಎಂಬ ಭ್ರಮೆ ಇನ್ನೂ ಬಿಟ್ಟಿರಲಿಲ್ಲ.

ಎಂಟನೇ ತರಗತಿಯ ಹುಡುಗಿಯರು ಬಹಳ ಚುರುಕು. ಸಮದ್ವಿಬಾಹು ತ್ರಿಭುಜದ ಪ್ರಮೇಯ ಹೇಳು ಎಂದರೆ ನಿಂತಲ್ಲೇ ಕಣ್ಣು ಮುಚ್ಚಿ ಒಂದು ಅಕ್ಷರ ಬಿಡದೆ ಒಪ್ಪಿಸುತ್ತಿದ್ದರು. ನಾನು ಖುಷಿಯಲ್ಲಿದ್ದೆ. ಒಂದು ದಿನ ಸುಮ್ಮನೆ ಬೋರ್ಡಿನ ಮೇಲೆ ತ್ರಿಭುಜವನ್ನು ಸ್ವಲ್ಪ ಓರೆಯಾಗಿ ಬರೆದು, ಎಬಿಸಿ ಬದಲು ಪಿಕ್ಯೂಆರ್ ಎಂದು ಹೆಸರಿಟ್ಟೆ. ಮುಂದಿನ ಬೆಂಚಿನಲ್ಲಿ ಕೂರುತ್ತಿದ್ದ ಟೇಲರೊಬ್ಬರ ಮಗಳು ಎದ್ದು ನಿಂತಳು. ಅವಳು ಮನೆಯಲ್ಲಿ ಉರ್ದು, ಶಾಲೆಯಲ್ಲಿ ಕನ್ನಡ ಮಾತಾಡುವ ಹುಡುಗಿ. ಎರಡರಲ್ಲೂ ಧೈರ್ಯಕ್ಕೆ ಕಡಿಮೆ ಇರಲಿಲ್ಲ.

"ಟೀಚರ್, ಈ ತ್ರಿಭುಜ ನಮಗಿಲ್ಲ" ಎಂದಳು.

"ನಮಗಿಲ್ಲ ಅಂದ್ರೆ?"

"ನಮಗಿರೋದು ಎಬಿಸಿ. ಇದು ಒಂಬತ್ತನೇ ಕ್ಲಾಸಿಗೆ ಇರಬೇಕ್ರಿ."

ಉಳಿದವರೆಲ್ಲ ಹೌದೆಂದು ತಲೆಯಾಡಿಸಿದರು. ಅಂದು ರೈಲಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕರೂ ನನಗೆ ಹೊರಗೆ ನೋಡುವ ಮನಸ್ಸಾಗಲಿಲ್ಲ.

ಶನಿವಾರ ಅರ್ಧ ದಿನದ ಶಾಲೆ. ಕೊನೆಯ ಪೀರಿಯಡ್ಡು ನೀತಿ ಪಾಠ. ಅದಕ್ಕೆ ಪುಸ್ತಕವಿರಲಿಲ್ಲ, ಪರೀಕ್ಷೆಯಿರಲಿಲ್ಲ. ಮನೆಗೆ ಹೋಗಲು ಚೀಲ ಕಟ್ಟಿಕೊಂಡು ಕೂತ ಹುಡುಗಿಯರಿಗೆ ಸತ್ಯವನ್ನೇ ಹೇಳಬೇಕೆಂದು ಹೇಳುವ ಕೆಲಸವನ್ನು ಹಳೆಯ ಟೀಚರುಗಳೆಲ್ಲ ಸೇರಿ ಹೊಸಬಳಾದ ನನಗೆ ದಾಟಿಸಿದ್ದರು. ಆ ಪೀರಿಯಡ್ಡಿನಲ್ಲಿ ಹುಲಿ ಕುರಿ ಆಟ ಆಡಿಸೋಣ ಎಂದು ನನಗೆ ಹೊಳೆಯಿತು.

ಆ ಆಟ ನನಗೆ ಕಲಿಸಿದವನು ನನ್ನ ಸೋದರಮಾವ. ಅವನು ಆವರಗೆರೆಯಿಂದ ಸಂತೆಗೆ ಗಾಡಿ ಹೊಡೆದುಕೊಂಡು ಬಂದಾಗ ನಮ್ಮ ಮನೆಯಲ್ಲಿ ಇಳಿಯುತ್ತಿದ್ದ. ಎತ್ತು ಮೇಯುವ ಹೊತ್ತಿನಲ್ಲಿ ನನ್ನನ್ನು ಕರೆದು ಜಗಲಿಯ ಮೇಲೆ ಇದ್ದಿಲಿನಿಂದ ಮನೆ ಬರೆಯುತ್ತಿದ್ದ. ಬೆಟ್ಟದಂಥ ಒಂದು ತ್ರಿಕೋನ, ತುದಿಯಿಂದ ಕೆಳಗಿಳಿಯುವ ಗೆರೆಗಳು, ಅವುಗಳಿಗೆ ಅಡ್ಡ ಗೆರೆಗಳು. ಗೆರೆಗಳು ಕೂಡುವಲ್ಲಿ ಕಾಯಿ ಇಡಬೇಕು. ಒಬ್ಬರಿಗೆ ಮೂರು ಹುಲಿ, ಇನ್ನೊಬ್ಬರಿಗೆ ಹದಿನೈದು ಕುರಿ. ಕುರಿಯ ಹಿಂದಿನ ಮನೆ ಖಾಲಿಯಿದ್ದರೆ ಹುಲಿ ಅದನ್ನು ಹಾರಿ ತಿನ್ನುತ್ತದೆ. ಕುರಿಗಳೆಲ್ಲ ಒಟ್ಟಾಗಿ ಹುಲಿಗಳಿಗೆ ಅಲ್ಲಾಡಲು ದಾರಿಯಿಲ್ಲದಂತೆ ಕಟ್ಟಿಹಾಕಿದರೆ ಕುರಿಯವರು ಗೆದ್ದಂತೆ. ನಾನು ಕಾಯಿ ಎತ್ತಿದ ಕೂಡಲೇ ಮಾವ ನನ್ನ ಮಣಿಕಟ್ಟು ಹಿಡಿದು "ಯಾಕ?" ಎನ್ನುತ್ತಿದ್ದ. ಕಾರಣ ಹೇಳಿದ ಮೇಲೇ ಕೈ ಬಿಡುತ್ತಿದ್ದ.

ಕುರಿಗಳಿಗೆಂದು ಅಮ್ಮನ ಹತ್ತಿರ ಹುಣಿಸೆ ಬೀಜ ಕೇಳಿದೆ. ಬೇಸಿಗೆಯಲ್ಲಿ ಹುಣಿಸೆಹಣ್ಣು ಕುಟ್ಟಿ ತೆಗೆದ ಬೀಜ ಒಂದು ಡಬ್ಬಿಯ ತುಂಬ ಇತ್ತು.

"ಯಾಕೆ ಬೇಕು?"

"ಸ್ಕೂಲಿಗೆ. ಹುಲಿ ಕುರಿ ಆಡಿಸ್ತೀನಿ."

ಅಮ್ಮ ಡಬ್ಬಿ ಕೊಟ್ಟು, "ದನ ಕಾಯೋರ ಆಟ ಕಲಿಸಾಕೆ ನಿಮ್ಮಪ್ಪ ನಿನ್ನ ಬಿ.ಎಡ್. ಓದಿಸಬೇಕಿತ್ತಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಹೋದಳು.

ಮೊದಲ ಶನಿವಾರ ಬೆಂಚುಗಳನ್ನು ಗೋಡೆಗೆ ಸರಿಸಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆಗಳನ್ನು ಬರೆದೆವು. ಹುಲಿಗಳಿಗೆ ಸೋಡಾ ಬಾಟ್ಲಿಯ ಮುಚ್ಚಳ. ನನ್ನದು ಒಂದೇ ಕಾಯಿದೆ: ಕಾಯಿ ನಡೆಸುವ ಮೊದಲು ಯಾಕೆಂದು ಬಾಯಿಬಿಟ್ಟು ಹೇಳಬೇಕು. ಎದುರಿನವಳಿಗೆ ಒಂದು ಪ್ರಶ್ನೆ ಕೇಳುವ ಹಕ್ಕಿದೆ. ಉತ್ತರ ಸರಿಯೋ ತಪ್ಪೋ ಮುಖ್ಯವಲ್ಲ, ಉತ್ತರ ಇರಬೇಕು.

ಮೊದಮೊದಲು ಬಂದ ಕಾರಣಗಳು ಹೀಗಿದ್ದವು. "ಸುಮ್ನೆ." "ಇಲ್ಲಿ ಚೆಂದ ಕಾಣ್ತೈತೆ." "ಅವಳೂ ಅಲ್ಲೇ ಇಟ್ಲು." ಒಬ್ಬಳಂತೂ, "ಈ ಕುರಿ ಒಂದೇ ಕುಂತೈತಿ ಪಾಪ, ಜೊತೆಗೊಂದು ಇಡ್ತೀನಿ" ಎಂದಳು. ಅದೇ ಆ ದಿನದ ಅತಿ ಬುದ್ಧಿವಂತ ನಡೆಯಾಗಿತ್ತು, ಏಕೆಂದರೆ ಹಿಂದೆ ಇನ್ನೊಂದು ಕುರಿ ಕೂತ ಕುರಿಯನ್ನು ಹುಲಿ ಹಾರಲಾರದು. ಅವಳಿಗೆ ಅದು ಗೊತ್ತಿರಲಿಲ್ಲ. ನಾನು ಹೇಳಲಿಲ್ಲ. ತಾನೇ ಕಂಡುಹಿಡಿಯಲಿ ಎಂದು ಬಿಟ್ಟೆ. ಬೇರೆ ಏಳೆಂಟು ಜನ ಕಂಡುಹಿಡಿದ ಮೇಲೆ ಅವಳೂ ಕಂಡುಹಿಡಿದಳು.

ಒಂದು ತೊಂದರೆ ಬಂತು. ಯಾರೋ ಮನೆಯಿಂದ ಹುರಿದ ಹುಣಿಸೆ ಬೀಜ ತಂದರು. ಅಂದಿನಿಂದ ಹುಲಿಯವರು ಹಿಡಿದ ಕುರಿಯನ್ನು ಅಲ್ಲೇ ಬಾಯಿಗೆ ಹಾಕಿಕೊಂಡು ಕಟಂ ಎಂದು ಕಡಿಯತೊಡಗಿದರು. ಕುರಿಗಳ ಸಂಖ್ಯೆ ವಾರ ವಾರ ಇಳಿಯಿತು. ಆಟ ಸೋತವರೇ ಮುಂದಿನ ವಾರದ ಕುರಿ ತರಬೇಕು ಎಂದು ಗೊತ್ತುಮಾಡಬೇಕಾಯಿತು.

ಆ ತರಗತಿಯಲ್ಲಿ ನದಿಯಾಚೆಯ ಹಳ್ಳಿಯಿಂದ ಬರುತ್ತಿದ್ದ ಒಬ್ಬ ಹುಡುಗಿಯಿದ್ದಳು. ಹಾಜರಿ ಕೂಗಿದಾಗ ಬಿಟ್ಟರೆ ಅವಳ ದನಿಯನ್ನು ಯಾರೂ ಕೇಳಿರಲಿಲ್ಲ. ಕಾಯಿದೆ ಎಲ್ಲರಿಗೂ ಒಂದೇ ಆದ್ದರಿಂದ ಅವಳೂ ಕಾರಣ ಹೇಳಬೇಕಾಯಿತು. ಒಮ್ಮೆ ಶುರುಮಾಡಿದ ಮೇಲೆ ಅವಳ ಕಾರಣ ಮುಗಿಯುತ್ತಲೇ ಇರಲಿಲ್ಲ. "ನಾನು ಇಲ್ಲಿ ಇಟ್ಟರೆ ಅವಳು ಅಲ್ಲಿಗೆ ಬರ್ತಾಳೆ, ಬರಲಿ, ಬಂದ್ರೆ ಆ ಕಡೆ ಬಾಗಿಲು ಖಾಲಿ ಆಗ್ತೈತೆ, ಆಗ ನಾನು ಇದನ್ನ ಸರಿಸ್ತೀನಿ, ಅವಳು ಸಿಟ್ಟಿಗೆ ಮ್ಯಾಲಿನ ಹುಲಿ ಇಳಿಸ್ತಾಳೆ" ಎಂದು ಸಣ್ಣ ದನಿಯಲ್ಲಿ ಹೇಳುತ್ತಾ ಹೋದರೆ ಎದುರಿಗೆ ಕೂತವಳು ತಾನು ಮುಂದೆ ಮಾಡಲಿರುವ ತಪ್ಪುಗಳನ್ನೆಲ್ಲ ಕೇಳಿಸಿಕೊಂಡು ಕಂಗಾಲಾಗುತ್ತಿದ್ದಳು. ನನ್ನನ್ನೂ ಅವಳು ಹಾಗೆಯೇ ಸೋಲಿಸಿದಳು. ನಾನು ಆಡಲಿರುವುದನ್ನು ಅವಳೇ ಮೊದಲು ಹೇಳಿಬಿಟ್ಟಿದ್ದಳು. ಹಾಗೆ ಆಡಬಾರದೆಂದು ಬೇರೆ ಆಡಿದೆ. ಅದಕ್ಕೂ ಅವಳ ಹತ್ತಿರ ಉತ್ತರವಿತ್ತು.

ಆಟ ಶಾಲೆಯಲ್ಲೇ ಉಳಿದಿದ್ದರೆ ಚೆನ್ನಾಗಿತ್ತು. ಆದರೆ "ಯಾಕ" ಎನ್ನುವುದು ಹುಡುಗಿಯರ ಚೀಲದಲ್ಲಿ ಕೂತು ಮನೆಗೆ ಹೋಯಿತು.

ಮೊದಲು ಬಂದವರು ಟೇಲರು. ಕೊರಳಲ್ಲಿ ಅಳತೆ ಟೇಪು ಹಾಗೆಯೇ ಇತ್ತು. ಅಂಗಡಿಯಿಂದ ಸೀದಾ ಬಂದಿದ್ದರು.

"ಸಲಾಂ ಮೇಡಂ. ನಮ್ಮ ಬೇಟಿದು ಒಂದು ತಕರಾರೈತಿ."

"ಏನು ಮಾಡಿದ್ಲು?"

"ಗುಂಡಿ ಹಚ್ಚಾಕೆ ಕೊಟ್ಟಿದ್ದೆ. ಗಂಡಸರ ಶರ್ಟಿಗೆ ಗುಂಡಿ ಬಲಗಡೆ, ಹೆಂಗಸರ ಜಂಪರಿಗೆ ಎಡಗಡೆ, ಯಾಕ ಅಬ್ಬಾ ಅಂತ ಕೇಳಿದ್ಲು. ನಮ್ಮ ಅಬ್ಬಾ ಹಂಗೆ ಕಲಿಸಿದ್ರು ಅಂದೆ. ಅದು ಕಾರಣ ಅಲ್ಲ ಅಂತಾಳೆ."

"ನಾನು ಅವಳಿಗೆ ಹೇಳ್ತೀನಿ ಬಿಡ್ರಿ."

"ಅದಲ್ಲ ಮೇಡಂ." ಅವರು ದನಿ ತಗ್ಗಿಸಿದರು. "ಇಷ್ಟು ವರ್ಷದಿಂದ ಹಚ್ಚಾಕತ್ತೀನಿ, ನಂಗೂ ಗೊತ್ತಿಲ್ಲ. ಈಗ ಪ್ರತಿ ಗುಂಡಿಗೂ ಕೈ ನಿಲ್ತೈತಿ. ಯಾಕ ಅಂತ ನಿಮಗೇನಾದ್ರೂ ಗೊತ್ತೈತಾ?"

ನನಗೂ ಗೊತ್ತಿರಲಿಲ್ಲ. ಇಬ್ಬರೂ ಸ್ಟಾಫ್ ರೂಮಿನಲ್ಲಿ ಸ್ವಲ್ಪ ಹೊತ್ತು ಅದನ್ನೇ ಯೋಚಿಸುತ್ತಾ ಕೂತೆವು. ಹೊಲಿಗೆಯ ಟೀಚರನ್ನು ಕೇಳಿದೆವು. ಅವರು ನಮ್ಮಿಬ್ಬರನ್ನೂ ವಿಚಿತ್ರವಾಗಿ ನೋಡಿದರು. ಮಾರನೆಯ ದಿನ ಅವರೂ ತಮ್ಮ ಕುಪ್ಪಸದ ಗುಂಡಿ ಮುಟ್ಟಿ ನೋಡಿಕೊಳ್ಳುತ್ತಿದ್ದರು.

ಆಮೇಲೆ ಬಂದವರು ನದಿಯಾಚೆಯ ಹುಡುಗಿಯ ತಂದೆ. ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ನಿಂತರು. ಬರ್ರಿ, ಕೂಡ್ರಿ ಎಂದರೂ ಕೂರಲಿಲ್ಲ.

"ಟೀಚರ್ರೇ, ನಮ್ಮ ಹುಡುಗಿ ಮೊದ್ಲು ಬಾಯೇ ಬಿಡ್ತಿದ್ದಿಲ್ಲ. ಹಿಂಗಿದ್ರೆ ಹೆಂಗಪ್ಪಾ ಅಂತ ನಾವು ದೇವರಿಗೆ ಹರಕೆ ಹೊತ್ತಿದ್ವಿ."

"ಈಗ ಮಾತಾಡ್ತಾಳೆ ಅಲ್ವಾ?"

"ಈಗ ಮುಚ್ಚಾಕೆ ಯಾವ ದೇವರಿಗೆ ಹರಕೆ ಹೊರಬೇಕು ಅಂತ ಕೇಳಾಕೆ ಬಂದೀನಿ." ಅವರು ನಗಲಿಲ್ಲ. "ಎಮ್ಮೆ ಮಾರಾಕೆ ಗಿರಾಕಿ ಕರೆಸಿದ್ದೆ. ಯಾಕ ಮಾರ್ತೀಯಪ್ಪಾ ಅಂದ್ಲು. ಹೇಳಿದೆ. ಮಾರಿದ ಮ್ಯಾಲೆ ಏನಾಗ್ತೈತೆ ಅಂದ್ಲು. ಅದನ್ನೂ ಹೇಳಿದೆ. ಅದಾದ ಮ್ಯಾಲೆ ಅಂದ್ಲು. ಅಷ್ಟೊತ್ತಿಗೆ ಗಿರಾಕಿ ಎದ್ದು ಹೋದ."

"ಎಮ್ಮೆ?"

"ಮನೇಲೈತೆ." ಅವರು ಹೆಗಲ ಮೇಲಿನ ಟವೆಲ್ಲು ಸರಿಪಡಿಸಿಕೊಂಡರು. "ಹಾಲು ಕೊಡ್ತೈತೆ ಅನ್ರಿ."

ದೂರು ಕೊಡಲು ಬಂದದ್ದೋ ಬೇರೇನಾದರೂ ಹೇಳಲು ಬಂದದ್ದೋ ಅವರಿಗೇ ತಿಳಿಯದಂತಾಗಿ, ಚಪ್ಪಲಿ ಮೆಟ್ಟಿಕೊಂಡು ಹೋದರು.

ಈ ಸುದ್ದಿಗಳೆಲ್ಲ ನಮ್ಮ ಹೆಡ್ ಮೇಡಂ ಕಿವಿಗೆ ಬೀಳದೆ ಇರಲಿಲ್ಲ. ಅವರು ಗಂಜಿ ಹಾಕಿದ ಸೀರೆಯುಟ್ಟು, ಕನ್ನಡಕ ಮೂಗಿನ ತುದಿಗಿಳಿಸಿ ವರಾಂಡದಲ್ಲಿ ನಡೆದು ಬಂದರೆ ಟೀಚರುಗಳಾದ ನಾವೇ ನೆಟ್ಟಗೆ ನಿಲ್ಲುತ್ತಿದ್ದೆವು. ಒಂದು ಶನಿವಾರ ಹೇಳದೆ ಕೇಳದೆ ನನ್ನ ತರಗತಿಯ ಬಾಗಿಲಿಗೆ ಬಂದರು. ಒಳಗೆ ಹುಡುಗಿಯರು ಗುಂಪುಗುಂಪಾಗಿ ನೆಲದ ಮೇಲೆ ಬಗ್ಗಿದ್ದರು. ಮೂಲೆಯಿಂದ ಕುರಿ ಕಡಿಯುವ ಸದ್ದು ಕೇಳುತ್ತಿತ್ತು.

"ಇದು ಯಾವ ನೀತಿ?" ಎಂದರು.

"ಮಾಡೋ ಮುಂಚೆ ಯೋಚನೆ ಮಾಡಬೇಕು ಅನ್ನೋ ನೀತಿ ಮೇಡಂ" ಎಂದೆ. ರೈಲಿನಲ್ಲಿ ಬರುವಾಗ ಎಷ್ಟೋ ಸಲ ತಯಾರಿ ಮಾಡಿಟ್ಟುಕೊಂಡಿದ್ದ ವಾಕ್ಯ ಅದು.

ಅವರು ಒಳಗೆ ಬಂದರು. ಒಂದು ಕುರ್ಚಿ ತರಿಸಿದೆ. ಅದನ್ನು ಬದಿಗೆ ಸರಿಸಿ, ಸೀರೆಯ ನೆರಿಗೆ ಹಿಡಿದು ಟೇಲರ್ ಮಗಳ ಎದುರು ನೆಲದ ಮೇಲೆ ಕೂತರು. "ನನಗೆ ಹುಲಿ" ಎಂದರು.

ಒಂದೆರಡು ಕುರಿ ಹೂಡಿದ ಮೇಲೆ ಮೇಡಂ ಹುಲಿಯನ್ನು ಎತ್ತಿ ಸರಿಸಿದರು. ಹುಡುಗಿ ಬೀಜವನ್ನು ಕೈಯಲ್ಲೇ ಹಿಡಿದು ಕೂತಳು.

"ನಿನ್ನ ಸರದಿ, ಇಡು."

"ಯಾಕ ಅಂತ ನೀವು ಹೇಳ್ಲಿಲ್ಲ ಮೇಡಂ."

"ನಾನು ಹೇಳಬೇಕಾ? ನಾನು ಹೆಡ್ ಮಿಸ್ಟ್ರೆಸ್ಸು."

"ಅದು ಕಾರಣ ಅಲ್ಲ ಮೇಡಂ."

ತರಗತಿಯಲ್ಲಿ ಯಾರೂ ಕುರಿ ಕಡಿಯುತ್ತಿರಲಿಲ್ಲ. ನಾನು ಕಿಟಕಿಯ ಕಡೆ ನೋಡುತ್ತಾ, ಬೇರೆ ಊರಿನಲ್ಲಿ ಗಣಿತದ ಟೀಚರು ಬೇಕಾಗಿರಬಹುದೇ ಎಂದು ಯೋಚಿಸಿದೆ. ಮೇಡಂ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. ಮತ್ತೆ ಹಾಕಿಕೊಂಡು ನೆಲವನ್ನು ನೋಡಿದರು. "ಈ ಕುರಿ ಹಿಂದೆ ಜಾಗ ಐತೆ. ಮುಂದಿನ ಸಲ ಹಾರಬಹುದು ಅಂತ" ಎಂದರು. ಹುಡುಗಿ ತಲೆಯಾಡಿಸಿ ಆ ಜಾಗದಲ್ಲಿ ಇನ್ನೊಂದು ಕುರಿ ಇಟ್ಟಳು.

ಗಂಟೆ ಹೊಡೆಯುವ ಹೊತ್ತಿಗೆ ಮೇಡಂನ ಮೂರು ಹುಲಿಗಳಿಗೂ ದಾರಿ ಮುಚ್ಚಿತ್ತು. ಅವರು ಎದ್ದು, ಸೀರೆಗೆ ಮೆತ್ತಿದ ಸೀಮೆಸುಣ್ಣ ಕೊಡವಿಕೊಂಡು ಹೊರಟುಹೋದರು.

ಸೋಮವಾರ ಆಫೀಸಿಗೆ ಕರೆಸಿದರು. "ಬಾಗಿಲು ಹಾಕ್ರಿ" ಎಂದರು. ಮೇಜಿನ ಮೇಲೆ ಕಂದು ರಟ್ಟಿನ ಮೇಲೆ ಕೆಂಪು ಶಾಯಿಯಲ್ಲಿ ಹುಲಿ ಕುರಿಯ ಮನೆ. ಹುಲಿಗಳಿಗೆ ಗಾಜಿನ ಪೇಪರ್‌ವೆಯ್ಟು, ಶಾಯಿ ಕುಪ್ಪಿಯ ಮುಚ್ಚಳ, ಶಾಲೆಯ ಸೀಲು.

"ಎಲ್ಲಿ ತಪ್ಪಿದೆ ಹೇಳ್ರಿ. ಅವತ್ತಿನಿಂದ ನೋಡ್ತಿದೀನಿ, ಗೊತ್ತಾಗ್ತಿಲ್ಲ."

ನಾನು ಕುರ್ಚಿ ಎಳೆದುಕೊಂಡು ಎದುರಿಗೆ ಕೂತೆ. ಆಡುತ್ತಾ ಆಡುತ್ತಾ ಮೇಡಂ ಒಂದು ಮಾತು ಹೇಳಿದರು. "ಚಿಕ್ಕವಳಿದ್ದಾಗ ನಮ್ಮ ಅಣ್ಣಂದಿರು ನನ್ನ ಸೇರಿಸಿಕೊಳ್ತಿದ್ರು. ಯಾವಾಗಲೂ ಕುರಿನೇ ಕೊಡೋರು. ಕುರಿ ಇರೋದೇ ತಿನ್ನಿಸಿಕೊಳ್ಳಾಕೆ ಅಂದ್ಕೊಂಡಿದ್ದೆ. ಕುರಿ ಗೆಲ್ತಾವೆ ಅಂತ ಯಾರೂ ಹೇಳ್ಲಿಲ್ಲ ನೋಡ್ರಿ." ಹಾಗೆಂದು ಪೇಪರ್‌ವೆಯ್ಟನ್ನು ಒಂದು ಮನೆ ಮುಂದೆ ಸರಿಸಿ, ತಾವಾಗಿಯೇ ಕಾರಣ ಹೇಳಿದರು. ಕುರಿ ಇಟ್ಟೆ.

ಆ ಮೇಲೆ ನೀತಿ ಪಾಠಕ್ಕೆ ಅಡ್ಡಿಯಿರಲಿಲ್ಲ. ಮೇಡಂ ಕಳಿಸುವ ಆರ್ಡರ್ ಪುಸ್ತಕದಲ್ಲಿಯೂ ಬದಲಾವಣೆ ಕಂಡಿತು. ಮೊದಲು "ಎಲ್ಲಾ ಶಿಕ್ಷಕಿಯರು ನಾಲ್ಕು ಗಂಟೆಗೆ ಸೇರತಕ್ಕದ್ದು" ಎಂದಷ್ಟೇ ಇರುತ್ತಿತ್ತು. ಈಗ ಕೆಳಗೆ "ಕಾರಣ:" ಎಂದು ಬರೆದು ಒಂದು ಸಾಲು ಸೇರಿಸುತ್ತಿದ್ದರು. ಒಮ್ಮೆ ಕಾರಣ ಹೊಳೆಯದೆ ಮೀಟಿಂಗನ್ನೇ ರದ್ದು ಮಾಡಿದರು.

ನಮ್ಮ ಶಾಲೆಗೂ ಪಕ್ಕದ ಗಂಡುಮಕ್ಕಳ ಶಾಲೆಗೂ ನಡುವೆ ಒಂದೇ ಆಟದ ಬಯಲು. ಬುಧವಾರ ಅದು ನಮ್ಮ ಹುಡುಗಿಯರಿಗೆ ಎಂದು ಎಂದೋ ಮಾತಾಗಿತ್ತಂತೆ. ಆದರೆ ಬುಧವಾರವೂ ಅಲ್ಲಿ ಹುಡುಗರೇ. ನಮ್ಮವರು ಕಾಂಪೌಂಡಿಗೆ ಒರಗಿ ನಿಂತು ನೋಡುತ್ತಿದ್ದರು. ಒಬ್ಬಳು ಧೈರ್ಯ ಮಾಡಿ ಒಳಗೆ ಹೋದರೆ ಚೆಂಡು ಅವಳ ಕಡೆಗೇ ಬರುತ್ತಿತ್ತು, ಅವಳು ಓಡಿ ವಾಪಸ್ಸು ಬರುತ್ತಿದ್ದಳು.

ಒಂದು ಬುಧವಾರ ಮಧ್ಯಾಹ್ನ ಊಟದ ಗಂಟೆ ಹೊಡೆದಾಗ ತರಗತಿಗಳು ಖಾಲಿಯಾದವು, ವರಾಂಡವೂ ಖಾಲಿ. ಹೊರಗೆ ಬಂದು ನೋಡಿದರೆ ಬಯಲಿನ ತುಂಬ ನಮ್ಮ ಹುಡುಗಿಯರು ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದಾರೆ. ಗುಂಪಾಗಿ ಅಲ್ಲ, ಇಬ್ಬಿಬ್ಬರಾಗಿ. ಒಬ್ಬಳ ಬೆನ್ನಿಗೆ ಇನ್ನೊಬ್ಬಳ ಬೆನ್ನು. ಇದು ಹುಲಿ ಕುರಿಯ ಲೆಕ್ಕವೆಂದು ನನಗೆ ತಕ್ಷಣ ಅರ್ಥವಾಯಿತು. ನಡುವೆ ನದಿಯಾಚೆಯ ಹುಡುಗಿ ಚಿತ್ರಾನ್ನ ತಿನ್ನುತ್ತಾ, ಯಾರು ಎಲ್ಲಿ ಕೂರಬೇಕೆಂದು ಚಮಚದಿಂದ ತೋರಿಸುತ್ತಿದ್ದಳು.

ಹುಡುಗರ ಶಾಲೆಯ ಪಿ.ಟಿ. ಮಾಸ್ತರು ಸೀಟಿ ಹಿಡಿದು ಬಂದರು. ಅವರ ಮನೆ ದಾವಣಗೆರೆಯ ಆನೆಕೊಂಡದಲ್ಲಿ. ದಿನಾ ನಾನು ಬರುವ ರೈಲಿನಲ್ಲೇ ಬರುತ್ತಿದ್ದರು. ಭಾರಿ ಮೈಯ, ಭಾರಿ ದನಿಯ ಮನುಷ್ಯ. ಸೀಟಿ ಊದಿದರು. ಹುಡುಗಿಯರು ಊಟ ಮುಂದುವರಿಸಿದರು.

"ಏಳ್ರಿ, ಏಳ್ರಿ. ಹುಡುಗರು ಆಡಬೇಕು."

ಟೇಲರ್ ಮಗಳು ಬಾಯಲ್ಲಿದ್ದುದನ್ನು ನುಂಗಿ, ಎದ್ದು ನಿಂತು, ಕೈ ಕಟ್ಟಿಕೊಂಡು ಕೇಳಿದಳು. "ಯಾಕ್ರಿ ಸರ್?"

"ಯಾಕ ಅಂದ್ರೆ? ಗ್ರೌಂಡು ಹುಡುಗರದು."

"ಯಾಕ್ರಿ ಸರ್?"

"ಏಯ್, ಇವತ್ತು ಯಾವ ವಾರ?" ಎಂದು ಗದರಿಸಿದವರೇ, ಅದು ಬುಧವಾರವೆಂದು ನೆನಪಾಗಿ ಸುಮ್ಮನಾದರು. ಮಾತಾಡುತ್ತಾ ಮಾತಾಡುತ್ತಾ ಅವರು ಬಯಲಿನ ನಡುವಿಗೆ ಬಂದಿದ್ದರು. ಹೊರಗೆ ಹೋಗೋಣವೆಂದರೆ ಬಂದ ದಾರಿಯಲ್ಲಿ ಇನ್ನೆರಡು ಜೋಡಿ ಕೂತಿತ್ತು. ಹೆಣ್ಣುಮಕ್ಕಳನ್ನು ದಾಟಿ ಹೋಗುವಂತಿಲ್ಲ, ಅವರ ಊಟದ ಡಬ್ಬಿಯನ್ನು ತುಳಿಯುವಂತಿಲ್ಲ. ಒಂದು ಹೆಜ್ಜೆ ಎಡಕ್ಕಿಟ್ಟು ನಿಂತರು, ಬಲಕ್ಕಿಟ್ಟು ನಿಂತರು. ಕಾಂಪೌಂಡಿನ ಮೇಲೆ ಕೂತ ಅವರ ಹುಡುಗರೇ ನಗುತ್ತಿದ್ದರು. ಒಬ್ಬಳು ಪಾಪವೆನಿಸಿ, "ಸರ್, ಅವಲಕ್ಕಿ ತಗೊಳ್ರಿ" ಎಂದು ಡಬ್ಬಿಯ ಮುಚ್ಚಳದಲ್ಲಿ ಹಾಕಿ ಕೊಟ್ಟಳು. ಬಿಸಿಲಿನಲ್ಲಿ ನಿಂತು ಅವರು ಅದನ್ನು ತಿಂದರು. ಬೇರೇನು ಮಾಡಲು ಸಾಧ್ಯವಿತ್ತೋ ನನಗೂ ತೋಚುವುದಿಲ್ಲ. ಅವರು ತಿಂದು ಮುಗಿಸಿದ ಮೇಲೆ ಹುಡುಗಿಯರು ಮುಚ್ಚಳ ವಾಪಸ್ಸು ಇಸಿದುಕೊಂಡು ದಾರಿ ಬಿಟ್ಟರು.

ಸ್ವಲ್ಪ ಹೊತ್ತಿಗೆ ಹುಡುಗರ ಶಾಲೆಯ ಹೆಡ್ ಮಾಸ್ತರು ನಮ್ಮ ಆಫೀಸಿಗೆ ಬಂದರು. ಮೇಡಂ ನನ್ನನ್ನೂ ಕರೆಸಿದರು.

"ನಿಮ್ಮ ಈ ಟೀಚರು ಹುಡುಗೀರಿಗೆ ಏನೇನೋ ಕಲಿಸ್ಯಾರೆ" ಎಂದು ಅವರು ಶುರುಮಾಡಿದರು.

ಮೇಡಂ ನನ್ನ ಕಡೆ ತಿರುಗಿದರು. "ಬಯಲಿಗೆ ಹೋಗಿ ಕೂಡ್ರಿ ಅಂತ ನೀವು ಹೇಳಿದ್ರಾ?"

"ಇಲ್ಲ ಮೇಡಂ."

"ಹೇಳಿಲ್ಲಂತೆ" ಎಂದು ಅವರಿಗೆ ಹೇಳಿ, ಕನ್ನಡಕ ಮೇಲೇರಿಸಿಕೊಂಡರು. "ಈಗ ನೀವು ಹೇಳ್ರಿ ಸರ್. ಬುಧವಾರ ನಿಮ್ಮ ಹುಡುಗರಿಗೆ ಗ್ರೌಂಡು ಯಾಕೆ ಬೇಕು?"

"ಮೊದಲಿಂದ ಹಂಗೇ ನಡ್ಕೊಂಡು ಬಂದೈತಲ್ರಿ."

"ಅದು ಕಾರಣ ಅಲ್ಲ ಸರ್" ಎಂದರು ಮೇಡಂ, ಬಹಳ ಮೃದುವಾಗಿ.

ಹೆಡ್ ಮಾಸ್ತರು ಚಹಾ ಕುಡಿದರು. ಒಳ್ಳೆಯವರೇ. ಕಪ್ಪು ಖಾಲಿಯಾಗುವವರೆಗೆ ಯೋಚಿಸಿ, ಬೇರೆ ಕಾರಣ ಸಿಗದೆ, ಮುಂದಿನ ಬುಧವಾರದಿಂದ ಬಿಟ್ಟುಕೊಡುತ್ತೇವೆ ಎಂದರು.

ಮುಂದಿನ ಬುಧವಾರ ಮಧ್ಯಾಹ್ನ ಇಡೀ ಬಯಲು ನಮ್ಮದಾಯಿತು. ಹುಡುಗಿಯರು ಕೂಗಾಡುತ್ತಾ ಓಡಿ ನಡುವಿಗೆ ಹೋದರು. ನಡುವಿಗೆ ಹೋಗಿ ನಿಂತರು. ಏನು ಆಡಬೇಕೆಂದು ಯಾರೂ ಯೋಚಿಸಿರಲಿಲ್ಲ. ನಮ್ಮ ಶಾಲೆಯಲ್ಲಿ ಚೆಂಡು ಇರಲಿಲ್ಲ, ಬ್ಯಾಟು ಇರಲಿಲ್ಲ. ಸ್ವಲ್ಪ ಹೊತ್ತು ಒಬ್ಬರ ಹಿಂದೆ ಒಬ್ಬರು ಓಡಿದರು. ಬಿಸಿಲಿತ್ತು. ಕೊನೆಗೆ ಎಲ್ಲರೂ ಬಯಲಿನ ಅಂಚಿನ ಬೇವಿನ ಮರದ ನೆರಳಿಗೆ ಬಂದು, ಕಡ್ಡಿಯಿಂದ ಮಣ್ಣಿನಲ್ಲಿ ಹುಲಿ ಕುರಿಯ ಮನೆ ಬರೆದುಕೊಂಡು ಕೂತರು. ಅಷ್ಟು ದೊಡ್ಡ ಬಯಲು ಖಾಲಿ ಬಿದ್ದಿತ್ತು.

ಕಾಂಪೌಂಡಿನ ಆ ಕಡೆಯಿಂದ ಪಿ.ಟಿ. ಮಾಸ್ತರು ಇದನ್ನು ನೋಡಿ ನನ್ನನ್ನು ಕೇಳಿದರು. "ಟೀಚರ್, ಇದಕ್ಕಾ ನಮ್ಮ ಗ್ರೌಂಡು ಬೇಕಾಗಿತ್ತು?"

ಅವರಿಗೆ ನನ್ನ ಮೇಲೆ ಸಿಟ್ಟಿದ್ದಂತೆ ಕಾಣಲಿಲ್ಲ. ಕಾಂಪೌಂಡು ದಾಟಿ ಬಂದು ಮರದ ಕೆಳಗೆ ನಿಂತು ನೋಡಿದರು. ತಮ್ಮನ್ನು ಯಾವ ಲೆಕ್ಕಾಚಾರದಲ್ಲಿ ಕಟ್ಟಿಹಾಕಿದರೆಂದು ಅವರಿಗೆ ಆಗ ತಿಳಿಯಿತು. "ಓಹೋ" ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ "ಓಹೋ" ಎಂದರು.

ಮುಂದಿನ ವಾರ ಅವರು ತಮ್ಮ ಹುಡುಗರಿಗೂ ಅದನ್ನು ಕಲಿಸಿರೆಂದು ನನ್ನನ್ನು ಕರೆದುಕೊಂಡು ಹೋದರು. ಹುಡುಗರು ಜೋಡಿ ಜೋಡಿಯಾಗಿ ಕೂತರು. ನಾನು ನಿಯಮ ಹೇಳಿದೆ. ಆಮೇಲೆ ಯಾರಿಗೆ ಹುಲಿ, ಯಾರಿಗೆ ಕುರಿ ಎಂದು ಕೇಳಿದೆ. ಎಲ್ಲರಿಗೂ ಹುಲಿ ಬೇಕು. ಕುರಿ ಆಗಲು ಒಬ್ಬನೂ ಒಪ್ಪಲಿಲ್ಲ. ಚೀಟಿ ಎತ್ತಿಸಿದೆ; ಕುರಿಯ ಚೀಟಿ ಬಂದವರು ಚೀಟಿಯಲ್ಲಿ ಮೋಸವಿದೆ ಎಂದರು. ಕುರಿಗಳೇ ಹೆಚ್ಚು ಸಲ ಗೆಲ್ಲುತ್ತವೆ ಎಂದು ಹೇಳಿದೆ. ಗೆದ್ದರೂ ಕುರಿ ಕುರಿಯೇ ಅಲ್ಲವೇ ಎಂದು ಒಬ್ಬ ಕೇಳಿದ. ಹೀಗೆ ವಾದ ನಡೆದು ಒಂದು ಕಾಯಿಯೂ ಅಲ್ಲಾಡದೆ ಪೀರಿಯಡ್ಡು ಮುಗಿಯಿತು.

ಪಿ.ಟಿ. ಮಾಸ್ತರಿಗೆ ಅವಮಾನವಾದಂತಾಯಿತು. ಅಂದು ಸಂಜೆ ರೈಲಿನಲ್ಲಿ ನನ್ನ ಎದುರಿನ ಸೀಟಿಗೆ ಬಂದು ಕೂತು, "ನನಗೆ ಕುರಿ ಕೊಡ್ರಿ ಟೀಚರ್. ನಾನೇ ಮೊದ್ಲು ಕಲಿತು ಅವರಿಗೆ ತೋರಿಸ್ತೀನಿ" ಎಂದರು. ನ್ಯೂಸ್ ಪೇಪರಿನ ಮೇಲೆ ಪೆನ್ನಿನಲ್ಲಿ ಮನೆ ಬರೆದೆವು. ಶೇಂಗಾ ಮಾರುವವನಿಂದ ಕುರಿ ಕೊಂಡರು. ಹುಲಿಗಳಿಗೆ ಅವರ ಸೀಟಿ, ನನ್ನ ಪೆನ್ನಿನ ಕ್ಯಾಪು, ಪಕ್ಕದಲ್ಲಿ ಕೂತಿದ್ದ ಗುಮಾಸ್ತರೊಬ್ಬರ ನಶ್ಯದ ಡಬ್ಬಿ. ಗುಮಾಸ್ತರು ಆಗಾಗ ಹುಲಿಯನ್ನು ಎತ್ತಿ ಒಂದು ಚಿಟಿಕೆ ಏರಿಸಿ, ಎಲ್ಲಿಂದ ಎತ್ತಿದ್ದೆಂದು ಮರೆತು ಬೇರೆ ಕಡೆ ಇಡುತ್ತಿದ್ದರು. ಅದರ ಮೇಲೆ ಜಗಳ. ಕೈಗಂಬಿ ಹಿಡಿದು ನಿಂತವರು ಸಲಹೆ ಕೊಡಲು ಬಗ್ಗಿದರು. ಒಂದೊಂದು ಸಲಹೆಗೂ ಮಾಸ್ತರು, "ಯಾಕ? ಕಾರಣ ಹೇಳಿ ಮಾತಾಡ್ರಿ" ಎಂದು ಗದರಿಸುತ್ತಿದ್ದರು. ಕಾರಣ ಹೇಳಲು ಹೋಗಿ ಅವರೂ ಕೂತುಬಿಟ್ಟರು.

ಆಟ ಬಿಗಿಯಾಗಿತ್ತು. ನನ್ನ ಎರಡು ಹುಲಿಗಳಿಗೆ ದಾರಿ ಮುಚ್ಚಿತ್ತು. ನಶ್ಯದ ಡಬ್ಬಿ ಒಂದೇ ಓಡಾಡುತ್ತಿತ್ತು. ರೈಲು ಯಾವುದೋ ನಿಲ್ದಾಣದಲ್ಲಿ ನಿಂತಿತು, ಬಹಳ ಜನ ಇಳಿದರು, ಗಾಳಿ ಬಂದದ್ದು ಹಿತವಾಯಿತು. ಮತ್ತೆ ಹೊರಟಿತು. ಗುಮಾಸ್ತರು ತಲೆಯೆತ್ತಿ ಕಿಟಕಿಯಿಂದ ಹೊರಗೆ ನೋಡಿ, "ಇದು ದಾವಣಗೆರೆ ಅಲ್ಲೇನ್ರಿ?" ಎಂದರು. ಅಷ್ಟರಲ್ಲಿ ಪ್ಲಾಟ್‌ಫಾರಂ ಮುಗಿದುಹೋಗಿತ್ತು.

ಮುಂದಿನ ನಿಲ್ದಾಣ ತೋಳಹುಣಸೆಯಲ್ಲಿ ನಾವು ಏಳು ಮಂದಿ ಇಳಿದೆವು. ಎಲ್ಲರೂ ದಾವಣಗೆರೆಯವರೇ. ಇಳಿಯುವ ಅವಸರದಲ್ಲಿ ಗುಮಾಸ್ತರು ಯೋಚಿಸದೆ ಕುರಿಗಳನ್ನೆಲ್ಲ ಬಾಚಿ ಜೇಬಿಗೆ ಹಾಕಿಕೊಂಡಿದ್ದರು. ಮಾಸ್ತರು ಅವರನ್ನು ಕ್ಷಮಿಸಲಿಲ್ಲ. ಇನ್ನೆರಡು ನಡೆಯಲ್ಲಿ ತಾವು ಗೆಲ್ಲುತ್ತಿದ್ದೆವೆಂದು ರಸ್ತೆಗೆ ಹೋಗಿ ಬಸ್ಸು ಕಾಯುವವರೆಗೂ ಹೇಳುತ್ತಿದ್ದರು. ಗೆಲ್ಲುತ್ತಿದ್ದದ್ದು ನಿಜ. ನಾನು ಒಪ್ಪಿಕೊಳ್ಳಲಿಲ್ಲ.

ಮನೆ ಸೇರುವಾಗ ದೀಪ ಹಚ್ಚಿದ್ದರು. ಅಮ್ಮ ಬಾಗಿಲಲ್ಲೇ ನಿಂತಿದ್ದಳು. ತಡವಾದದ್ದಕ್ಕೆ ಇದ್ದ ಕಾರಣವನ್ನು ಇದ್ದ ಹಾಗೆಯೇ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ನನ್ನ ಕೈಯಿಂದ ಚೀಲ ತೆಗೆದುಕೊಂಡಳು.

"ಅಷ್ಟು ದೊಡ್ಡ ಊರು ಯಾರಿಗೂ ಕಾಣಲಿಲ್ವಾ?"

"ಇಲ್ಲ."

"ಕೈಕಾಲು ತೊಳ್ಕೊ, ಸಾರು ಆರಿ ಹೋಗ್ತೈತೆ" ಎಂದು ಒಳಗೆ ಹೋಗಿ ತಟ್ಟೆ ಹಾಕಿದಳು. ನಾನು ಉಣ್ಣುವಾಗ ಎದುರಿಗೆ ಕೂತು, ಆ ಗುಮಾಸ್ತರು ನಶ್ಯದ ಡಬ್ಬಿಯನ್ನು ಎಲ್ಲಿಂದ ಎತ್ತಿ ಎಲ್ಲಿ ಇಟ್ಟರು ಎಂದು ವಿವರವಾಗಿ ಕೇಳತೊಡಗಿದಳು.